ಗಾಡಿ ಚೆನ್ನಾಗಿದೆ, ರಸ್ತೆ?

ಪಿಎಚ್.ಡಿ ಯಾವುದರ ಮೇಲೆ ಎಂದು ಕೇಳಿದವರಿಗೆ ‘ಓದುಗರ ಪತ್ರಗಳ ಮೇಲೆ’ ಎಂದರೆ ಸಾಕು, ಎರಡನೇ ಪ್ರಶ್ನೆ ಬರುವುದಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕನ್ನಡದ ದಿನಪತ್ರಿಕೆಗಳಿಗೆ ಜನ ಬರೆಯುತ್ತಿದ್ದ ಪತ್ರಗಳನ್ನು ಹಳೆಯ ಸಂಪುಟಗಳಿಂದ ಹೆಕ್ಕಿ ಓದುವುದು ನಾಲ್ಕು ವರ್ಷದಿಂದ ನನ್ನ ಕೆಲಸ. ಇಂಥ ಕ್ರಾಸಿನಲ್ಲಿ ಬಸ್ಸು ನಿಲ್ಲಿಸುತ್ತಿಲ್ಲ. ಇಂಥ ಸೇತುವೆಯ ಕಟಕಟೆ ಮುರಿದು ಆರು ತಿಂಗಳಾಯಿತು. ಇಂಥ ರಸ್ತೆಗೆ ಜಲ್ಲಿ ಸುರಿದು ಹೋದವರು ಡಾಂಬರು ಹಾಕಲು ಬರಲೇ ಇಲ್ಲ. ಬರೆದವರು ಮೇಷ್ಟರು, ಅಂಚೆ ನೌಕರರು, ಅಂಗಡಿಯವರು, ಕಾಲೇಜು ಹುಡುಗರು. ಭಾಷೆ ಸಪ್ಪೆ, ವ್ಯಾಕರಣ ಅಲ್ಲಲ್ಲಿ ಎಡವುತ್ತದೆ. ಆದರೆ ಕೊನೆಯ ಸಾಲು ಮಾತ್ರ ಮಂತ್ರದ ಹಾಗೆ ಒಂದೇ: ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?

2024ರಲ್ಲಿ ನನ್ನ ಅಣ್ಣ ಕಾರು ತೆಗೆದುಕೊಳ್ಳಲು ಹೊರಟ. ‘ನಿಂಗೆ ಓದೋದೇ ಕೆಲ್ಸ ಅಲ್ವಾ, ಇದನ್ನೂ ಓದಿ ಹೇಳು’ ಎಂದು ನನಗೊಂದು ಹೊಸ ಪಠ್ಯ ಕೊಟ್ಟ. ಸಣ್ಣ ಎಸ್‌ಯುವಿ ಕೊಂಡವರು ತಮ್ಮ ಗಾಡಿಯ ಬಗ್ಗೆ ಬರೆದ, ಹೇಳಿಕೊಂಡ ಅಭಿಪ್ರಾಯಗಳು. ದಸರೆಯ ಹೊತ್ತಿಗೆ ಗಾಡಿ ತೆಗೆಯಬೇಕೆಂದು ಅವನ ಹಟ. ಹಾಗಾಗಿ ಮೂರು ತಿಂಗಳು ಹಗಲು ಮೇಷ್ಟರ ಪತ್ರ, ರಾತ್ರಿ ಮಾಲೀಕರ ಅಭಿಪ್ರಾಯ ಎಂದು ಎರಡನ್ನೂ ಒಟ್ಟಿಗೆ ಓದಿದೆ. ಓದುತ್ತ ಓದುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರಡರಲ್ಲೂ ವಿಷಯ ಒಂದೇ. ಗುಂಡಿ, ಕೆಟ್ಟ ದಾರಿ, ಮಳೆಗಾಲ, ಊರಿಗೆ ಹೋಗುವ ಕಷ್ಟ, ಮನೆಯವರ ಜೀವಭಯ ಎಲ್ಲವೂ ಇವರಲ್ಲೂ ಇದೆ, ಅವರಲ್ಲೂ ಇತ್ತು. ಬದಲಾದದ್ದು ಕೊನೆಯ ಸಾಲು. ಮೇಷ್ಟರು ‘ಗಮನ ಹರಿಸುವರೇ?’ ಎಂದು ನಿಲ್ಲಿಸುತ್ತಿದ್ದ ಕಡೆ ಮಾಲೀಕರು ‘ಒಟ್ಟಾರೆ ಗಾಡಿ ಚೆನ್ನಾಗಿದೆ’ ಎಂದು ಮುಗಿಸುತ್ತಾರೆ.

ನನ್ನ ತಕರಾರು ಈ ಕೊನೆಯ ಸಾಲಿನ ಮೇಲೆ. ನಾಗರಿಕರು ಸರ್ಕಾರಕ್ಕೆ ಕೊಡಬೇಕಾಗಿದ್ದ ದೂರನ್ನು ನಾವು ಗ್ರಾಹಕರ ಸಮಾಧಾನವಾಗಿ ಬದಲಾಯಿಸಿಕೊಂಡಿದ್ದೇವೆ, ಅದಕ್ಕೆ ಏಳು ವರ್ಷದ ಕಂತನ್ನೂ ಕಟ್ಟುತ್ತಿದ್ದೇವೆ.

ಮೊದಲು ಈ ಬರವಣಿಗೆಯ ರೀತಿ ನೋಡಿ. ಮಾಲೀಕರ ಅಭಿಪ್ರಾಯಕ್ಕೂ ಒಂದು ಕಟ್ಟುಪಾಡಿದೆ. ಮೊದಲಿಗೆ ಪೂರ್ವರಂಗ: ಹಳೆಯ ಪುಟ್ಟ ಕಾರು ಎಷ್ಟು ವರ್ಷ ಓಡಿತು, ಮನೆಯಲ್ಲಿ ಎಷ್ಟು ಜನ, ಎಷ್ಟು ಶೋರೂಮು ಸುತ್ತಿದೆವು, ಯಾವುದನ್ನು ಕೂತು ನೋಡಿ ಬಿಟ್ಟೆವು. ಆಮೇಲೆ ಗಾಡಿ ಮನೆಗೆ ಬಂದ ದಿನ: ಚಕ್ರದಡಿಯ ನಿಂಬೆಹಣ್ಣು, ಬಾನೆಟ್ ಮೇಲಿನ ಕುಂಕುಮ, ಮಕ್ಕಳ ಸಂಭ್ರಮ. ನಂತರ ಗುಣಗಳ ಪಟ್ಟಿ. ಎತ್ತರದ ಸೀಟು, ಒಳ್ಳೆಯ ಗ್ರೌಂಡ್ ಕ್ಲಿಯರೆನ್ಸ್, ಗಟ್ಟಿ ಬಾಗಿಲು, ಹಿಂದಿನವರಿಗೂ ಎಸಿ, ನಾಲ್ಕು ಸೂಟ್‌ಕೇಸು ಹಿಡಿಯುವ ಡಿಕ್ಕಿ. ಕೊನೆಗೆ, ಒಲ್ಲದ ಮನಸ್ಸಿನಿಂದ, ದೋಷಗಳು. ಟ್ರಾಫಿಕ್ಕಿನಲ್ಲಿ ಆಟೊಮ್ಯಾಟಿಕ್ ಗೇರು ಜಗ್ಗುತ್ತದೆ, ಮುಂದಿನ ಪರದೆ ಒಮ್ಮೊಮ್ಮೆ ಕಪ್ಪಾಗುತ್ತದೆ, ಹಿಂದೆ ಮೂವರು ದೊಡ್ಡವರು ಕೂತರೆ ಮಧ್ಯದವರು ಉಸಿರು ಬಿಗಿಹಿಡಿಯಬೇಕು, ಕಂಪನಿ ಹೇಳಿದ ಹದಿನೆಂಟು ಕಿಲೋಮೀಟರ್ ಮೈಲೇಜು ಊರೊಳಗೆ ಹನ್ನೊಂದಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ತೀರ್ಪು ಬದಲಾಗುವುದಿಲ್ಲ. ಗಾಡಿ ಚೆನ್ನಾಗಿದೆ.

ಚೆನ್ನಾಗಿಲ್ಲ ಎಂದು ಅವರು ಹೇಳುವುದಾದರೂ ಹೇಗೆ? ಅಣ್ಣನ ಲೆಕ್ಕವನ್ನೇ ನೋಡಿ. ಶೋರೂಮ್ ಬೆಲೆ ಹನ್ನೆರಡು ಲಕ್ಷ. ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವಾಗ ಹದಿನಾಲ್ಕೂ ಮುಕ್ಕಾಲು. ಬ್ಯಾಂಕಿನಿಂದ ಹತ್ತು ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 9.5ರ ಬಡ್ಡಿ, 84 ಕಂತು. ತಿಂಗಳಿಗೆ ಸುಮಾರು 16,300 ರೂಪಾಯಿ. ಸಾಲ ತೀರುವ ಹೊತ್ತಿಗೆ ಬ್ಯಾಂಕಿಗೆ ಸಂದಿರುವುದು ಸುಮಾರು 13.7 ಲಕ್ಷ. ಉಳಿದ ನಾಲ್ಕೂ ಮುಕ್ಕಾಲು ಲಕ್ಷದಲ್ಲಿ ಅರ್ಧ ಅವನ ಉಳಿತಾಯ, ಅರ್ಧ ಅತ್ತಿಗೆಯ ಬಳೆಗಳ ಮೇಲೆ ತೆಗೆದ ಸಾಲ. ನೆಂಟರ ಮದುವೆಯಲ್ಲಿ ಯಾರೋ ‘ಹೆಂಗಿದ್ಯೋ ಮಾರಾಯ ಗಾಡಿ?’ ಎಂದಾಗ ಅವನು ಪಕ್ಕದಲ್ಲಿ ನಿಂತ ಅತ್ತಿಗೆಯ ಬರಿಗೈ ನೋಡಿಕೊಂಡು ‘ಅಷ್ಟಕ್ಕಷ್ಟೇ’ ಎನ್ನಲು ಸಾಧ್ಯವೇ? ಸಾಲ ತೀರುವವರೆಗೆ ಗಾಡಿ ಚೆನ್ನಾಗಿರಲೇಬೇಕು. ಹಾಗಾಗಿ ಮಾಲೀಕರ ಅಭಿಪ್ರಾಯವನ್ನು ಸಾಕ್ಷಿ ಎಂದು ಓದುವವರು ಮೋಸಹೋಗುತ್ತಾರೆ. ಅದು ತನ್ನ ಮೇಲೆ ತಾನೇ ಹೂಡಿಕೊಂಡ ಮೊಕದ್ದಮೆಯಲ್ಲಿ ತಾನೇ ಮಾಡಿದ ವಾದ. ಅತ್ತಿಗೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆರ್‌ಸಿಯಲ್ಲಿ ಅವಳ ಹೆಸರಿಲ್ಲ.

ಇನ್ನು ಈ ಗಾಡಿ ಎಲ್ಲಿಂದ ಬಂತು? ‘ನಮ್ಮ ಜನಕ್ಕೆ ಈಗ ಎತ್ತರದ ಗಾಡಿ ಇಷ್ಟ’ ಎಂದು ಕಂಪನಿಗಳೂ ಮಾಲೀಕರೂ ಒಂದೇ ಬಾಯಲ್ಲಿ ಹೇಳುತ್ತಾರೆ, ಜನರ ರುಚಿ ತಾನಾಗಿಯೇ ಒಂದು ಬೆಳಿಗ್ಗೆ ಎದ್ದು ಬದಲಾದ ಹಾಗೆ. ಮಾರುಕಟ್ಟೆಯಲ್ಲಿರುವ ಪ್ರಮುಖ ಸಣ್ಣ ಎಸ್‌ಯುವಿಗಳ ಉದ್ದ ಅಳೆದು ನೋಡಿ: ಬ್ರೆಝಾ 3,995 ಮಿಲಿಮೀಟರ್, ನೆಕ್ಸಾನ್ 3,995, ವೆನ್ಯೂ 3,995, ಸೋನೆಟ್ 3,995. ಬೇರೆಬೇರೆ ದೇಶದ ಕಂಪನಿಗಳು, ಬೇರೆಬೇರೆ ವಿನ್ಯಾಸಕಾರರು, ಎಲ್ಲರ ಸೌಂದರ್ಯಪ್ರಜ್ಞೆಯೂ ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಉಳಿದಾಗ ಬಂದು ನಿಂತಿದೆ! ಇದು ರುಚಿಯಲ್ಲ, ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ದಾಟದ ಕಾರನ್ನು ‘ಸಣ್ಣ ಕಾರು’ ಎಂದು ಕರೆದು ಅದರ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿತು. ಉದ್ದೇಶ ಸಣ್ಣ ಕಾರಿಗೆ ಉತ್ತೇಜನ. ಆದರೆ ಆ ನಿಯಮದಲ್ಲಿ ಉದ್ದಕ್ಕೆ ಮಿತಿಯಿತ್ತು, ಎತ್ತರಕ್ಕೆ ಇರಲಿಲ್ಲ. ಕಂಪನಿಗಳು ಕಾರನ್ನು ಮೇಲಕ್ಕೆ ಬೆಳೆಸಿದವು. 2013ರಲ್ಲಿ ಇಕೋಸ್ಪೋರ್ಟ್, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ, 2020ರಲ್ಲಿ ಸೋನೆಟ್. 2017ರ ಜಿಎಸ್‌ಟಿಯೂ ಅದೇ ಗೆರೆಯನ್ನು ಉಳಿಸಿಕೊಂಡಿತು: ಗೆರೆಯೊಳಗಿನ ಪೆಟ್ರೋಲ್ ಗಾಡಿಗೆ ಸೆಸ್ ಸೇರಿ ನೂರಕ್ಕೆ 29, ದೊಡ್ಡ ಎಸ್‌ಯುವಿಗೆ 50. 2025ರ ಸೆಪ್ಟೆಂಬರ್ 22ರಿಂದ ಅದು 18 ಮತ್ತು 40 ಆಯಿತು. ಗೆರೆ ಮಾತ್ರ ಅಲ್ಲೇ ಇದೆ. (ಒಂದು ವರ್ಷ ಕಾದಿದ್ದರೆ ಲಕ್ಷ ರೂಪಾಯಿ ಉಳಿಯುತ್ತಿತ್ತಲ್ಲ ಎಂದು ಅಣ್ಣ ಆ ವಾರವೆಲ್ಲ ಮುಖ ಸಿಂಡರಿಸಿಕೊಂಡಿದ್ದ. ಆಗಲೂ ಗಾಡಿ ಚೆನ್ನಾಗಿಯೇ ಇತ್ತು.)

2023–24ರ ಹಣಕಾಸು ವರ್ಷದಲ್ಲಿ ದೇಶದಲ್ಲಿ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳು ಮಾರಾಟವಾದವು. ಅವುಗಳಲ್ಲಿ ಯುಟಿಲಿಟಿ ವಾಹನ ಎನಿಸಿಕೊಂಡವೇ ಸುಮಾರು 25 ಲಕ್ಷ. ಜನ ಇವನ್ನು ಮುಗಿಬಿದ್ದು ಕೊಳ್ಳುತ್ತಿರುವುದು ನಿಜ. ಯಾಕೆ ಕೊಳ್ಳುತ್ತಿದ್ದಾರೆ ಎನ್ನುವುದಕ್ಕೆ ಉತ್ತರ ಮಾಲೀಕರ ಮಾತಿನಲ್ಲೇ ಇದೆ, ಅವರಿಗೆ ಗೊತ್ತಿಲ್ಲದೆಯೇ ಇದೆ.

ಗ್ರೌಂಡ್ ಕ್ಲಿಯರೆನ್ಸಿನಿಂದ ಶುರು ಮಾಡೋಣ. ನಾನು ಓದಿದ ಅಭಿಪ್ರಾಯಗಳಲ್ಲಿ ಅತಿಹೆಚ್ಚು ಹೊಗಳಿಸಿಕೊಂಡ ಗುಣ ಇದೇ. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಇನ್ನೂರು ಮಿಲಿಮೀಟರ್ ಆಸುಪಾಸು ಇದ್ದರೆ ಮಾಲೀಕರ ಎದೆ ಅಷ್ಟೇ ಉಬ್ಬುತ್ತದೆ. ‘ಎಂಥ ಗುಂಡಿಗೂ ತಾಗಲ್ಲ’, ‘ಅವೈಜ್ಞಾನಿಕ ಹಂಪ್ ಗೊತ್ತೇ ಆಗಲ್ಲ’, ‘ನಮ್ಮೂರಿನ ಮಣ್ಣುರಸ್ತೆಯಲ್ಲಿ ಆರಾಮ’. ಈ ಮಾತುಗಳನ್ನು ಕಾರಿನಿಂದ ಬಿಡಿಸಿ ಓದಿ. ನಗರದ ರಸ್ತೆಯಲ್ಲಿ ಗುಂಡಿಗಳಿವೆ, ಹಂಪುಗಳನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕಿದ್ದಾರೆ, ನಮ್ಮೂರಿಗೆ ಇನ್ನೂ ರಸ್ತೆಯಿಲ್ಲ. ಇವು ಮೂರೂ ದೂರುಗಳು. ನನ್ನ ಮೇಷ್ಟರು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಹಾಕುತ್ತಿದ್ದ ದೂರುಗಳೇ. ನಾವು ಅವುಗಳನ್ನೇ ಒಂದು ಕಂಪನಿಗೆ ಕೊಟ್ಟ ಪ್ರಶಂಸಾಪತ್ರವಾಗಿ ಬರೆಯುತ್ತಿದ್ದೇವೆ.

ಇಲ್ಲಿ ನನ್ನನ್ನು ಕೆರಳಿಸುವುದು ದುಡ್ಡಿನ ಲೆಕ್ಕ. ಹನ್ನೆರಡು ಲಕ್ಷದ ಆ ಶೋರೂಮ್ ಬೆಲೆಯೊಳಗೆ ಅಂದಿನ ದರದಲ್ಲಿ ಜಿಎಸ್‌ಟಿ, ಸೆಸ್ಸುಗಳೇ ಸುಮಾರು 2.7 ಲಕ್ಷ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ನಡುವಿನ ಕಾರಿಗೆ ನೂರಕ್ಕೆ 17, ಅಂದರೆ ಎರಡು ಲಕ್ಷದ ಮೇಲೆ. ಎರಡೂ ಸೇರಿ ಸುಮಾರು ನಾಲ್ಕು ಮುಕ್ಕಾಲು ಲಕ್ಷ ರೂಪಾಯಿಯನ್ನು ಅಣ್ಣ ಎರಡು ಸರ್ಕಾರಗಳಿಗೆ ಮೊದಲ ದಿನವೇ ಕೊಟ್ಟಿದ್ದಾನೆ. ಲೀಟರು ಲೀಟರಿಗೆ ಪೆಟ್ರೋಲಿನ ತೆರಿಗೆ ಇನ್ನೂ ಕೊಡುತ್ತಿದ್ದಾನೆ. ಇಷ್ಟು ಕೊಟ್ಟವನು ‘ಎಲ್ಲಯ್ಯಾ ನನ್ನ ರಸ್ತೆ?’ ಎಂದು ಕೇಳಬೇಕಿತ್ತು. ಅವನು ಶೋರೂಮಿನ ಹುಡುಗನನ್ನು ‘ಗ್ರೌಂಡ್ ಕ್ಲಿಯರೆನ್ಸ್ ಎಷ್ಟು?’ ಎಂದು ಕೇಳಿದ. ರಸ್ತೆಗೆಂದು ತೆರಿಗೆ ಕಟ್ಟಿ, ಆ ರಸ್ತೆಯಿಂದ ತಪ್ಪಿಸಿಕೊಳ್ಳಲು ಎತ್ತರವನ್ನು ಸಾಲ ಮಾಡಿ ಕೊಂಡುಕೊಂಡ. ಒಂದೇ ಗುಂಡಿಗೆ ಎರಡು ಸಲ ದುಡ್ಡು ಕೊಟ್ಟು, ಎರಡನೇ ಸಲ ಐದು ಅಂಕವನ್ನೂ ಕೊಟ್ಟ.

ಎರಡನೇ ಗುಣ ಎತ್ತರದ ಸೀಟು. ‘ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ, ಒಂದು ಧೈರ್ಯ ಬರುತ್ತದೆ’ ಎನ್ನುತ್ತಾರೆ. ಧೈರ್ಯ ಬೇಕಾಗುವುದು ಭಯವಿದ್ದಾಗ. ಲಾರಿ, ಬಸ್ಸು, ಅಡ್ಡಾದಿಡ್ಡಿ ನುಗ್ಗುವ ಬೈಕುಗಳ ನಡುವೆ ತಗ್ಗಿನ ಕಾರಿನಲ್ಲಿ ಕೂತವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಎತ್ತರಕ್ಕೆ ಒಂದು ವಿಚಿತ್ರ ಗುಣವಿದೆ. ಯಕ್ಷಗಾನದ ಬಯಲಿನಲ್ಲಿ ಮುಂದಿನ ಸಾಲಿನವನು ಎದ್ದು ನಿಂತರೆ ಅವನಿಗೆ ಆಟ ಚೆನ್ನಾಗಿ ಕಾಣುತ್ತದೆ. ಅವನ ಹಿಂದಿನವನೂ ಏಳುತ್ತಾನೆ, ಅವನ ಹಿಂದಿನವನೂ. ಕೊನೆಗೆ ಎಲ್ಲರೂ ಬೆಳಗಿನ ಜಾವದವರೆಗೆ ಕಾಲು ನೋಯಿಸಿಕೊಂಡು ನಿಂತಿರುತ್ತಾರೆ, ಯಾರಿಗೂ ಮೊದಲಿಗಿಂತ ಹೆಚ್ಚು ಕಾಣುವುದಿಲ್ಲ, ಮಕ್ಕಳಿಗೆ ಮಾತ್ರ ಏನೂ ಕಾಣುವುದಿಲ್ಲ. ಹೊಸದಾಗಿ ಬರುವ ಹತ್ತರಲ್ಲಿ ಆರು ಗಾಡಿಗಳು ಎತ್ತರದವೇ ಆದರೆ ನೀವು ಎತ್ತರದಲ್ಲಿ ಕೂತು ನೋಡುವುದು ಇನ್ನೊಂದು ಎತ್ತರದ ಗಾಡಿಯ ಬೆನ್ನನ್ನು.

ಮೂರನೆಯದು ಸುರಕ್ಷತೆ. ಇಲ್ಲಿ ನಾನು ದನಿ ತಗ್ಗಿಸಬೇಕು, ಯಾಕೆಂದರೆ ಮಾಲೀಕರು ಇಲ್ಲಿ ಒಂದು ನಿಜವಾದ ಕೆಲಸ ಮಾಡಿದ್ದಾರೆ. 2018ರ ಡಿಸೆಂಬರಿನಲ್ಲಿ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಐದು ನಕ್ಷತ್ರ ಕೊಟ್ಟಿತು. ಭಾರತದಲ್ಲಿ ತಯಾರಾದ ಕಾರಿಗೆ ಅದೇ ಮೊದಲು. ಅಲ್ಲಿಂದ ‘ಎಷ್ಟು ಸ್ಟಾರು?’ ಎಂಬ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಯ ಪಕ್ಕ ಬಂದು ಕೂತಿತು. ಮೈಲೇಜೊಂದನ್ನೇ ಕೇಳುತ್ತಿದ್ದ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಬಂದಿದೆ. ಖರೀದಿದಾರರು ಒಟ್ಟಾಗಿ ಕೇಳಿದರೆ ಕಂಪನಿಗಳು ಉಕ್ಕಿನ ದಪ್ಪವನ್ನಾದರೂ ಬದಲಾಯಿಸುತ್ತವೆ ಎನ್ನುವುದಕ್ಕೆ ಇದು ಸಾಕ್ಷಿ. ಹಾಗಾದರೆ ಇದೇ ಜನ ಒಟ್ಟಾಗಿ ರಸ್ತೆಯನ್ನು ಯಾಕೆ ಕೇಳುವುದಿಲ್ಲ ಎಂಬುದು ನನ್ನ ಪ್ರಶ್ನೆ.

ನಕ್ಷತ್ರಗಳ ಎರಡು ಪಟ್ಟಿಗಳೂ, ದೊಡ್ಡವರದು ಮತ್ತು ಮಕ್ಕಳದು, ಕಾರಿನ ಒಳಗೆ ಕೂತವರ ಲೆಕ್ಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44.5ರಷ್ಟು ದ್ವಿಚಕ್ರ ವಾಹನದವರು, 19.5ರಷ್ಟು ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಮೂವರಲ್ಲಿ ಸುಮಾರು ಇಬ್ಬರಿಗೆ ಯಾವ ನಕ್ಷತ್ರವೂ ಇರಲಿಲ್ಲ. ಅಣ್ಣನ ಐದು ನಕ್ಷತ್ರದ ಗಾಡಿ ಶಿವಮೊಗ್ಗದ ಬಾಡಿಗೆ ಮನೆಯ ಮುಂದೆ ಬೂದು ಬಣ್ಣದ ಹೊದಿಕೆ ಹೊದ್ದು ವಾರದಲ್ಲಿ ಆರು ದಿನ ನಿಂತಿರುತ್ತದೆ. ಆಫೀಸಿನ ಹತ್ತಿರ ನಿಲ್ಲಿಸಲು ಜಾಗವಿಲ್ಲ, ಪೆಟ್ರೋಲು ದಂಡ. ಅವನು ಆರೂ ದಿನ ಹಳೆಯ ಸ್ಕೂಟರಿನಲ್ಲೇ ಓಡಾಡುತ್ತಾನೆ. ಎಂದರೆ ಮಾಲೀಕನಾಗಿ ಅವನು ಭಾನುವಾರದ ಐದು ನಕ್ಷತ್ರದವನು, ನಾಗರಿಕನಾಗಿ ಸೋಮವಾರದಿಂದ ಶನಿವಾರದವರೆಗೆ ಆ 44.5ರಲ್ಲಿ ಒಬ್ಬ. ಅವನ ಅಭಿಪ್ರಾಯ ಮಾತ್ರ ಭಾನುವಾರದ್ದು.

ಭಾನುವಾರ ಅವನು ಬರುವುದು ಊರಿಗೆ. ನಮ್ಮೂರು ಕೊಪ್ಪ ತಾಲ್ಲೂಕಿನಲ್ಲಿ, ಶಿವಮೊಗ್ಗದಿಂದ ತೀರ್ಥಹಳ್ಳಿ ಹಾದು ತೊಂಬತ್ತು ಕಿಲೋಮೀಟರಿನ ಆಚೀಚೆ. ಕೊಪ್ಪ ಎಂದರೆ ಮಲೆನಾಡಿನವರಿಗೆ ನೆನಪಾಗುವುದು ಸಹಕಾರ ಸಾರಿಗೆ. ಕೆಲಸ ಕಳೆದುಕೊಂಡ ಸಾರಿಗೆ ಕಾರ್ಮಿಕರು 1991ರಲ್ಲಿ ತಾವೇ ಸಂಘ ಕಟ್ಟಿ, ಕೆಲವೇ ಬಸ್ಸುಗಳಿಂದ ಶುರು ಮಾಡಿ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಮೂಲೆಮೂಲೆಗೆ ಬಸ್ಸು ಓಡಿಸಿದರು. ಸಾರಿಗೆಯ ಬಗ್ಗೆ ಅಧ್ಯಯನ ಮಾಡುವವರು ಉದಾಹರಣೆಯಾಗಿ ಹೇಳುತ್ತಿದ್ದ ಸಂಸ್ಥೆ ಅದು. ನಷ್ಟದ ಮೇಲೆ ನಷ್ಟವಾಗಿ 2020ರಲ್ಲಿ ಅದರ ಬಸ್ಸುಗಳು ನಿಂತವು. ನಾನು ಹೈಸ್ಕೂಲಿಗೆ ಹೋದದ್ದು ಆ ಬಸ್ಸಿನಲ್ಲಿ. ಕಾರುಗಳು ಬಂದದ್ದಕ್ಕೇ ಅದು ನಿಂತಿತು ಎಂದು ನಾನು ಹೇಳುವುದಿಲ್ಲ. ಡೀಸೆಲು, ತೆರಿಗೆ, ಬಿಡಿಭಾಗಗಳ ಬೆಲೆ ಎಂದು ಹತ್ತು ಕಾರಣಗಳನ್ನು ಜನ ಹೇಳುತ್ತಾರೆ. ನನ್ನ ಮಾತು ಬೇರೆ. ಅದು ನಿಂತಾಗ ನಮ್ಮೂರಿನಲ್ಲಿ ಗಟ್ಟಿಯಾಗಿ ಕೂಗಬಲ್ಲವರು, ಶಾಸಕರ ಮನೆಗೆ ಹೋಗಿ ಕೂರಬಲ್ಲವರು, ಪತ್ರಿಕೆಗೆ ಬರೆಯಬಲ್ಲವರು ಯಾರಿದ್ದರೋ ಅವರೆಲ್ಲರ ಅಂಗಳದಲ್ಲಿ ಆಗಲೇ ಒಂದೊಂದು ಗಾಡಿ ಇತ್ತು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಸಣ್ಣ ಪುಸ್ತಕ ಪ್ರಕಟಿಸಿದ. ಅದರ ಹಿಂದಿದ್ದದ್ದು ನೈಜೀರಿಯಾದ ರೈಲಿನ ಒಂದು ಒಗಟು. ಲಾರಿಗಳು ಪೈಪೋಟಿಗೆ ಬಂದ ಮೇಲೆ ರೈಲು ಸುಧಾರಿಸಬೇಕಿತ್ತಲ್ಲ, ಯಾಕೆ ಇನ್ನಷ್ಟು ಹದಗೆಟ್ಟಿತು? ಅವನು ಕಂಡುಕೊಂಡ ಉತ್ತರ: ಗಲಾಟೆ ಮಾಡುವ ತಾಕತ್ತಿದ್ದ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ರೈಲಿನಲ್ಲಿ ಉಳಿದವರ ದನಿಗೆ ಬೆಲೆಯಿರಲಿಲ್ಲ. ಬಿಟ್ಟು ಹೋಗುವ ದಾರಿ ಸುಲಭವಾದಷ್ಟೂ ನಿಂತು ಕೇಳುವ ಅಭ್ಯಾಸ ಸಾಯುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ನೂರು ಮನೆಗಳಲ್ಲಿ ಕಾರಿರುವವು ಹತ್ತಕ್ಕೂ ಕಡಿಮೆ. ಆ ಹತ್ತಕ್ಕಿಂತ ಕಡಿಮೆ ಮನೆಗಳಲ್ಲೇ ಮೇಷ್ಟರು, ವಕೀಲರು, ಪತ್ರಕರ್ತರು, ಅಧಿಕಾರಿಗಳು, ಪ್ರಾಧ್ಯಾಪಕರು ಇದ್ದಾರೆ. ಎಲ್ಲರೂ ಒಬ್ಬೊಬ್ಬರಾಗಿ ಇನ್ನೂರು ಮಿಲಿಮೀಟರ್ ಮೇಲೆದ್ದರು. ಉಳಿದ ತೊಂಬತ್ತು ಮನೆಗಳು ಗುಂಡಿಯ ಮಟ್ಟದಲ್ಲೇ ಇವೆ.

ನನ್ನ ಅಮ್ಮನಿಗೆ ಮಂಡಿನೋವು. ಬಸ್ಸಿನ ಮೊದಲ ಮೆಟ್ಟಿಲು ಅವಳ ಮಂಡಿಯ ಎತ್ತರಕ್ಕಿದೆ. ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಳ್ಳಬೇಕು. ಹಿಂದಿನಿಂದ ‘ಬೇಗ ಹತ್ರೀ’ ಎನ್ನುವ ದನಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಊರಿನ ಹೆಂಗಸರೆಲ್ಲ ಖುಷಿಪಟ್ಟರು. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಟಿಕೆಟ್ಟು ಉಚಿತವಾಗಿರುವ ಬಸ್ಸು ನಮ್ಮಲ್ಲಿಗೆ ಬರುವುದಿಲ್ಲ, ಬರುವ ಬಸ್ಸಿಗೆ ಹತ್ತಲು ಅವಳಿಂದಾಗುವುದಿಲ್ಲ. ಇಂಥವಳಿಗೆ ಅಣ್ಣನ ಗಾಡಿ ವರವೇ. ಹಳೆಯ ತಗ್ಗಿನ ಕಾರಿನಲ್ಲಿ ಕುಳಿತರೆ ಏಳಲಾಗುತ್ತಿರಲಿಲ್ಲ. ಇದರ ಸೀಟು ಸರಿಯಾಗಿ ಸೊಂಟದ ಮಟ್ಟಕ್ಕಿದೆ. ಬಾಗಿಲು ತೆಗೆದು, ಪಕ್ಕಕ್ಕೆ ತಿರುಗಿ, ಕುರ್ಚಿಯ ಮೇಲೆ ಕೂತ ಹಾಗೆ ಕೂತುಬಿಡುತ್ತಾಳೆ. ಮೊದಲ ದಿನ ಅವಳು ಕೂತ ರೀತಿ ನೋಡಿ ನನಗೇ ಕಣ್ಣು ತುಂಬಿತು. ಈ ಲೇಖನವನ್ನು ಯಾರಾದರೂ ಕಾರು ಕೊಂಡವರಿಗೆ ಬೈದ ಬರಹ ಎಂದು ಓದುತ್ತಿದ್ದರೆ ದಯವಿಟ್ಟು ಇಲ್ಲಿ ನಿಲ್ಲಿ. ತಾಯಿಯನ್ನು ಹೀಗೆ ಕೂರಿಸಿದ ಮಗನಿಗೆ ‘ಕೊಳ್ಳುಬಾಕ’ ಎನ್ನುವ ಅಧಿಕಾರ ನನಗಿಲ್ಲ.

ಆ ಪದವನ್ನು ಸುಲಭವಾಗಿ ಬಳಸುವವರು ನಮ್ಮ ಸಾಹಿತ್ಯದ ಕಡೆಯವರು. ವಿಚಾರಸಂಕಿರಣದಲ್ಲಿ ಮಧ್ಯಮವರ್ಗದ ಕೊಳ್ಳುವ ಹಪಾಹಪಿಯ ಮೇಲೆ ಮುಕ್ಕಾಲು ಗಂಟೆ ಗುಡುಗಿ, ಊಟ ಮುಗಿಸಿ ‘ರೈಲ್ವೆ ಸ್ಟೇಷನ್ನಿಗೆ ಗಾಡಿ ಹೇಳಿದ್ದೀರಲ್ಲ?’ ಎಂದು ಕೇಳಿದವರನ್ನು ಕರೆದೊಯ್ಯಲು ನಾನೇ ಆಟೊ ಹುಡುಕಿ ಬೈಸಿಕೊಂಡಿದ್ದೇನೆ. ಕಾರು ಕೊಂಡವರನ್ನು ಹಂಗಿಸುವುದೂ ಕಾರನ್ನು ಹೊಗಳುವುದೂ ಒಂದೇ ಕೆಲಸ ಮಾಡುತ್ತವೆ. ಎರಡೂ ಮಾತನ್ನು ಕಾರಿನ ಸುತ್ತಲೇ ಗಿರಕಿ ಹೊಡೆಸಿ ರಸ್ತೆಯನ್ನೂ ಬಸ್ಸನ್ನೂ ಮರೆಸುತ್ತವೆ.

ಅಮ್ಮನನ್ನು ನಾನೊಮ್ಮೆ ಕೇಳಿದೆ, ಗಾಡಿ ಹೇಗಿದೆ ಎಂದು. ಅವಳ ಅಭಿಪ್ರಾಯ ಹೀಗಿತ್ತು: ‘ಕೂರೋಕೆ ಸುಖ ಇದೆ. ಆದ್ರೆ ಅವ್ನು ಬಂದಾಗ ತಾನೆ?’ ಅವಳ ಮಂಡಿಯ ಚಿಕಿತ್ಸೆ ಇರುವುದು ಬುಧವಾರ. ಬುಧವಾರ ಗಾಡಿ ಶಿವಮೊಗ್ಗದಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ. ಅವಳು ಬೆಳಿಗ್ಗೆ ಏಳೂವರೆಗೆ ರಸ್ತೆಗೆ ಬಂದು, ಅದೇ ಎತ್ತರದ ಮೆಟ್ಟಿಲಿನ ಬಸ್ಸನ್ನು ಕಾಯುತ್ತಾಳೆ. ಹದಿನಾಲ್ಕೂ ಮುಕ್ಕಾಲು ಲಕ್ಷ ಖರ್ಚಾದ ಮೇಲೂ ನಮ್ಮ ಮನೆಯಲ್ಲಿ ಬುಧವಾರದ ಸಮಸ್ಯೆ ಇದ್ದಲ್ಲೇ ಇದೆ. ಬದಲಾಗಿರುವುದು ಇಷ್ಟು: ಮೊದಲು ಅಣ್ಣನಿಗೂ ಅದು ಸಮಸ್ಯೆಯಾಗಿತ್ತು, ಈಗ ಅವಳೊಬ್ಬಳಿಗೆ. ಬಸ್ಸಿನ ಮೆಟ್ಟಿಲು ತಗ್ಗಿಸಬಹುದು ಎನ್ನುವುದು ಕಲ್ಪನೆಯೇನೂ ಅಲ್ಲ. ಬೆಂಗಳೂರಿನ ಬಿಎಂಟಿಸಿ ನೆಲದ ಮಟ್ಟಕ್ಕೆ ತಗ್ಗಿದ ವೋಲ್ವೊ ಬಸ್ಸುಗಳನ್ನು ಓಡಿಸಲು ಶುರು ಮಾಡಿ ಹದಿನೈದು ವರ್ಷಕ್ಕೂ ಹೆಚ್ಚಾಯಿತು. ಅದು ಕೊಪ್ಪಕ್ಕೆ ಬರುವುದಿಲ್ಲ, ಯಾಕೆಂದರೆ ಕೊಪ್ಪದಲ್ಲಿ ಅದನ್ನು ಕೇಳಿದವರಿಲ್ಲ. ಮಂಡಿನೋವಿನ ತಾಯಂದಿರ ಮಕ್ಕಳೆಲ್ಲ ಸೀಟಿನ ಎತ್ತರ ಸರಿಯಾಗಿರುವ ಗಾಡಿ ಯಾವುದು ಎಂದು ಹುಡುಕುತ್ತಿದ್ದಾರೆ.

ಇಲ್ಲಿಗೆ ಬಂದಾಗ ಎದುರಾಗುವ ಪ್ರಶ್ನೆ ನನಗೆ ಗೊತ್ತು. ಅಣ್ಣನೇ ಕೇಳಿದ್ದಾನೆ: ‘ಹಾಗಾದ್ರೆ ಗುಂಡಿ ಮುಚ್ಚೋ ತನಕ ನಾನು ಕಾಯ್ತಾ ಕೂರ್ಬೇಕಿತ್ತಾ? ನಿನ್ನ ಮೇಷ್ಟ್ರುಗಳು ಪತ್ರ ಬರ್ದು ಬರ್ದು ಯಾವ ಗುಂಡಿ ಮುಚ್ಚಿತು?’ ಕಠಿಣವಾದ ಪ್ರಶ್ನೆ. ಅದೇ ಸೇತುವೆಯ ಬಗ್ಗೆ ಅದೇ ಮನುಷ್ಯ ಮೂರು ವರ್ಷ ಬರೆದ ಪತ್ರಗಳನ್ನು ನಾನೇ ಓದಿದ್ದೇನೆ, ಕಟಕಟೆ ಬಂತೋ ಇಲ್ಲವೋ ಸಂಪುಟದಲ್ಲಿ ಉತ್ತರವಿಲ್ಲ. ಕಾಯಬೇಕಿರಲಿಲ್ಲ ಎನ್ನುವುದು ನನ್ನ ಉತ್ತರ. ಗಾಡಿ ಕೊಳ್ಳಿ. ಆದರೆ ಗುಂಡಿಯನ್ನು ಗಾಡಿಯ ಗುಣವಾಗಿ ಬರೆಯಬೇಡಿ. ಮೇಷ್ಟರ ಪತ್ರ ಗುಂಡಿ ಮುಚ್ಚದಿದ್ದರೂ ಒಂದು ಕೆಲಸ ಮಾಡುತ್ತಿತ್ತು. ಈ ಗುಂಡಿ ಯಾರೋ ಮಾಡಬೇಕಾದ ಕೆಲಸ ಮಾಡದೇ ಇದ್ದದ್ದರಿಂದ ಆಗಿದೆ, ಅವರಿಗೊಂದು ಹೆಸರಿದೆ, ಕಚೇರಿ ಇದೆ ಎಂದು ಓದಿದವರಿಗೆಲ್ಲ ನೆನಪಿಸುತ್ತಿತ್ತು. ಮಾಲೀಕರ ಅಭಿಪ್ರಾಯ ಓದಿದವರಿಗೆ ಗುಂಡಿ ಮಳೆ ಬಿಸಿಲಿನ ಹಾಗೆ ಪ್ರಕೃತಿಯ ಕೊಡುಗೆಯಾಗಿ ಕಾಣುತ್ತದೆ. ಕೊಡೆ ಕೊಂಡವರು ಮೋಡಕ್ಕೆ ಅರ್ಜಿ ಬರೆಯುವುದಿಲ್ಲ. ಆದರೆ ಗುಂಡಿ ಮೋಡದಿಂದ ಬೀಳುವುದಿಲ್ಲ, ಗುತ್ತಿಗೆದಾರನ ಬಿಲ್ಲಿನಿಂದ ಬರುತ್ತದೆ.

ಮಾಲೀಕರಷ್ಟು ರಸ್ತೆಯನ್ನು ಬಲ್ಲವರು ಬೇರೆ ಯಾ‌ರೂ ಇಲ್ಲ ಎನ್ನುವುದೇ ಇದರ ಸಂಕಟ. ಯಾವ ತಿರುವಿನಲ್ಲಿ ಹೊಂಡ ಎಷ್ಟು ಆಳ, ಯಾವ ಹಂಪಿಗೆ ಬಣ್ಣ ಬಳಿದಿಲ್ಲ, ಯಾವ ಘಟ್ಟದಲ್ಲಿ ತಡೆಗೋಡೆಯಿಲ್ಲ, ಎಲ್ಲಿ ದೀಪವಿಲ್ಲ ಎಂದು ಅವರು ಕಿಲೋಮೀಟರ್ ಕಿಲೋಮೀಟರಾಗಿ ಬರೆಯುತ್ತಾರೆ, ಸಸ್ಪೆನ್ಷನ್ ಎಷ್ಟು ಚೆನ್ನಾಗಿದೆ ಎಂದು ತೋರಿಸಲು. ಅದೇ ವಾಕ್ಯಗಳನ್ನು ಲೋಕೋಪಯೋಗಿ ಇಲಾಖೆಯ ವಿಳಾಸಕ್ಕೆ ಕಳಿಸಿದ್ದರೆ ಅವು ನಾನು ಓದಿರುವ ಅತ್ಯುತ್ತಮ ಓದುಗರ ಪತ್ರಗಳಾಗುತ್ತಿದ್ದವು. ಮಾಹಿತಿ ಇದೆ, ಗಮನವಿದೆ, ಬರೆಯುವ ಉತ್ಸಾಹವಿದೆ. ವಿಳಾಸ ಮಾತ್ರ ತಪ್ಪಿದೆ.

ಕಳೆದ ಮಳೆಗಾಲದಲ್ಲಿ ಅಣ್ಣ ತನ್ನ ಗಾಡಿಯ ಬಗ್ಗೆ ತಾನೇ ಒಂದು ಅಭಿಪ್ರಾಯ ಬರೆದು, ಕನ್ನಡ ತಿದ್ದಿಕೊಡು ಎಂದು ನನಗೆ ಕಳಿಸಿದ. ಚೆನ್ನಾಗಿಯೇ ಬರೆದಿದ್ದ. ತೀರ್ಥಹಳ್ಳಿಯಿಂದ ನಮ್ಮೂರಿನವರೆಗಿನ ರಸ್ತೆಯ ವರ್ಣನೆಯಂತೂ ಯಾವ ಇಂಜಿನಿಯರನ ವರದಿಗೂ ಕಡಿಮೆಯಿಲ್ಲ. ಒಂದು ಮೋರಿ ಕುಸಿದು ಅರ್ಧ ರಸ್ತೆ ಹೋಗಿರುವ ಜಾಗದಲ್ಲಿ ಗಾಡಿ ಹೇಗೆ ಒಂದು ಬದಿಗೆ ವಾಲಿಯೂ ಸಲೀಸಾಗಿ ದಾಟಿತು ಎಂದು ಎಂಟು ಸಾಲು ಬರೆದಿದ್ದ. ಅಮ್ಮ ಬುಧವಾರ ಬಸ್ಸಿಗೆ ಕಾಯುವುದು ಅದೇ ಮೋರಿಯ ಪಕ್ಕ. ಕೊನೆಯಲ್ಲಿ ‘ಒಟ್ಟಾರೆ ಗಾಡಿ ಚೆನ್ನಾಗಿದೆ’ ಎಂದಿತ್ತು. ನಾನು ಕಾಗುಣಿತ ತಿದ್ದಿ, ಆ ಸಾಲಿನ ಕೆಳಗೆ ನನ್ನ ಹಳೆಯ ಮೇಷ್ಟರುಗಳಿಂದ ಎರವಲು ತಂದ ಒಂದು ಸಾಲು ಸೇರಿಸಿದೆ: ಕುಸಿದಿರುವ ಮೋರಿಯ ಕಡೆ ಸಂಬಂಧಪಟ್ಟ ಅಧಿಕಾರಿಗಳು ಗಮನ ಹರಿಸುವರೇ?

ಅವನು ಅದನ್ನು ಅಳಿಸಿ ಹಾಕಿದ. ಕೇಳಿದ್ದಕ್ಕೆ, ‘ಅದು ಗಾಡಿ ವಿಷ್ಯ ಅಲ್ವಲ್ಲೋ’ ಎಂದ.